ಕಿಲ್ಟ್ ಉಡೋಣ ಬನ್ನಿ: ಸ್ಕಾಟ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗೆ

ಎಡಿನ್‌ಬರಾಗೆ ಬಂದು ಒಂದೆರಡು ತಿಂಗಳಾದ ಮೇಲೆ ನಮ್ಮ ಹುಡುಗರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್, ನಾವು ಕಿಲ್ಟ್ ಹಾಕಬಹುದಾ? ಇಲ್ಲಿಯವರು ಏನಾದ್ರೂ ಅಂದುಕೊಳ್ತಾರಾ?"

ಕಿಲ್ಟ್ ಅಂದರೆ ಇಲ್ಲಿಯ ಗಂಡಸರು ಸೊಂಟಕ್ಕೆ ಉಡುವ, ಮೊಣಕಾಲಿನವರೆಗೆ ಬರುವ ನೆರಿಗೆಯ ಉಡುಪು. ಧಾರಾಳವಾಗಿ ಹಾಕಬಹುದು. ನಾನು ಇಲ್ಲಿಗೆ ಬಂದು 13 ವರ್ಷ ಆಯಿತು. ಅದರಲ್ಲಿ 9 ವರ್ಷದಿಂದ ರಜೆಯ ದಿನ ಕಿಲ್ಟ್ ಉಟ್ಟೇ ಪೇಟೆಗೆ ಹೋಗುತ್ತೇನೆ, ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಒಬ್ಬರೂ ಮುಖ ಸಿಂಡರಿಸಿಲ್ಲ. ಬಸ್ಸಿನಲ್ಲಿ ವಯಸ್ಸಾದ ಹೆಂಗಸರು ತಾವಾಗಿಯೇ ಮಾತಾಡಿಸಿ, ಚೆನ್ನಾಗಿ ಕಾಣುತ್ತೆ ಅಂದಿದ್ದಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯ ಗಂಡಸರೆಲ್ಲ ದಿನಾ ಕಿಲ್ಟ್ ಉಡುವುದಿಲ್ಲ. ಮದುವೆಗೆ, ಕೇಲಿ ಅನ್ನುವ ಇಲ್ಲಿಯ ಜನಪದ ಕುಣಿತಕ್ಕೆ, ಮರ್ರಿಫೀಲ್ಡ್ ಕ್ರೀಡಾಂಗಣದ ರಗ್ಬಿ ಪಂದ್ಯಕ್ಕೆ ಬೀರುವಿನಿಂದ ಹೊರತೆಗೆಯುವವರೇ ಜಾಸ್ತಿ. ದಿನಬಳಕೆಗೆ ಉಡುವವರು ಕಡಿಮೆ, ಆದರೆ ಇದ್ದಾರೆ. ಎಡಿನ್‌ಬರಾದ ಹೌವಿ ನಿಕೋಲ್ಸ್‌ಬಿ ಅನ್ನುವ ಕಿಲ್ಟ್ ದರ್ಜಿ ಡೆನಿಮ್‌ನಲ್ಲೂ ಕಿಲ್ಟ್ ಹೊಲಿದು, ತಾವೂ ದಿನಾ ಅದನ್ನೇ ಉಟ್ಟು ಹೆಸರಾದವರು.

ನಮ್ಮ ಮಾತಿನಲ್ಲಿ ಪ್ಯಾಂಟ್ ಹಾಕುತ್ತೇವೆ, ಪಂಚೆ ಉಡುತ್ತೇವೆ. ಕಿಲ್ಟ್‌ಗೆ ಒಪ್ಪುವ ಮಾತು ಉಡುವುದೇ. ಹಳೆಯ ಕಾಲದ ದೊಡ್ಡ ಕಿಲ್ಟ್ ಕಂಬಳಿಯಂಥ ಉದ್ದನೆ ಬಟ್ಟೆ. ಅದಕ್ಕೆ ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಈಗಿನದು ಅದರ ಕೆಳಗಿನ ಭಾಗ ಮಾತ್ರ, ನೆರಿಗೆ ಹೊಲಿದದ್ದು. ಪಂಚೆ ಉಟ್ಟು ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ವಾ? ಕಾಲಿಗೆ ಗಾಳಿಯಾಡುವ ಆ ಸುಖ ಇಲ್ಲಿಯೂ ಸಿಗುತ್ತದೆ.

ಆದರೆ ತಮಾಷೆಗೂ ಅದನ್ನು ಲಂಗ ಅನ್ನಬೇಡಿ. 1746ರಲ್ಲಿ ಕಲಾಡನ್ ಯುದ್ಧದಲ್ಲಿ ಹೈಲ್ಯಾಂಡ್ ಅನ್ನುವ ಬೆಟ್ಟನಾಡಿನ ಜನ ಸರ್ಕಾರಿ ಸೈನ್ಯಕ್ಕೆ ಸೋತ ಮೇಲೆ, ಅವರ ಉಡುಪನ್ನೇ ನಿಷೇಧಿಸುವ ಕಾನೂನು ಬಂತು. ಉಟ್ಟು ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲವಾದರೆ 7 ವರ್ಷ ಗಡೀಪಾರು, ಅದೂ ಸಮುದ್ರದಾಚೆಗೆ. ಆ ಕಾನೂನು ಹೋಗಿದ್ದು 1782ರಲ್ಲಿ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಉಟ್ಟರೆ ಸಾಕು, ಉಳಿದ ಮರ್ಯಾದೆ ತಾನಾಗಿಯೇ ಬರುತ್ತದೆ.

ಇನ್ನು ಕೊಳ್ಳುವ ಮಾತು. ರಾಯಲ್ ಮೈಲ್ ಬೀದಿಯಲ್ಲಿ ಪ್ರವಾಸಿಗಳಿಗೆಂದು ತೂಗುಹಾಕಿದ ಅಗ್ಗದ ಅಕ್ರಿಲಿಕ್ ಕಿಲ್ಟ್ ಬೇಡ. ನೆರಿಗೆ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ. ಹಾಗಂತ 8 ಗಜದ ಉಣ್ಣೆ ಬಟ್ಟೆಯಲ್ಲಿ ಕೈಯಿಂದ ಹೊಲಿಸಿದ ಕಿಲ್ಟ್‌ಗೆ ನೂರಾರು ಪೌಂಡ್ ಕೊಡುವುದೂ ಮೊದಲಿಗೆ ಬೇಡ. ದಿನಬಳಕೆಗೆ 5 ಗಜದ್ದು ಸಾಕು, ಹಗುರವಾಗಿಯೂ ಇರುತ್ತದೆ. ಇನ್ನೂ ಒಳ್ಳೆಯ ದಾರಿ ಸೆಕೆಂಡ್ ಹ್ಯಾಂಡ್. ಗ್ರಾಸ್‌ಮಾರ್ಕೆಟ್‌ನ ಆರ್ಮ್‌ಸ್ಟ್ರಾಂಗ್ಸ್ ಅಂಗಡಿಯಲ್ಲಿ, ಚಾರಿಟಿ ಅಂಗಡಿಗಳಲ್ಲಿ ಹುಡುಕಿ. ನನ್ನ ಮೊದಲ ಕಿಲ್ಟ್ ಚಾರಿಟಿ ಅಂಗಡಿಯದೇ. ಯಾರೋ ಅಜ್ಜ ಉಟ್ಟು ಬಿಟ್ಟಿದ್ದು, ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆ. ಇವತ್ತಿಗೂ ನೆರಿಗೆ ಬ್ಲೇಡಿನಂತೆ ನಿಂತಿದೆ.

ಟಾರ್ಟನ್ ಅಂದರೆ ಅದರ ಚೌಕಳಿ ವಿನ್ಯಾಸ. "ನಮಗೆ ಕ್ಲಾನ್ ಇಲ್ಲವಲ್ಲ, ಯಾವುದನ್ನು ಉಡಬೇಕು?" ಅಂತ ಚಿಂತೆ ಬೇಡ. ಕ್ಲಾನ್ ಅಂದರೆ ಇಲ್ಲಿಯ ಕುಲ, ಕುಲಕ್ಕೆ ತನ್ನದೇ ಟಾರ್ಟನ್ ಇರುತ್ತದೆ. ಬ್ಲ್ಯಾಕ್ ವಾಚ್ ಅನ್ನುವ ಕಡುನೀಲಿ-ಹಸಿರು ಟಾರ್ಟನ್ ಯಾರು ಬೇಕಾದರೂ ಉಡುವಂಥದ್ದು. ಟೀ ಶರ್ಟ್, ಸ್ವೆಟರ್ ಎರಡಕ್ಕೂ ಹೊಂದುತ್ತದೆ. ಬಾಲ್ಮೋರಲ್ ಅನ್ನುವುದು ಮಾತ್ರ ರಾಜಮನೆತನದ್ದು, ಅದರ ತಂಟೆಗೆ ಹೋಗಬೇಡಿ. ಹಳದಿ-ಕೆಂಪು ಬೇಕೇ ಬೇಕು ಅನ್ನುವ ಕನ್ನಡಾಭಿಮಾನಿಗಳು ಮ್ಯಾಕ್ಲೌಡ್ ಆಫ್ ಲೂಯಿಸ್ ನೋಡಿ. ಹಳದಿ ಮೈ, ಕಪ್ಪು ಪಟ್ಟೆ, ನಡುವೆ ತೆಳ್ಳನೆಯ ಕೆಂಪು ಗೆರೆ. ಕಣ್ಣಿಗೆ ಹೊಡೆಯುವ ಬಣ್ಣ, ರಾಜ್ಯೋತ್ಸವಕ್ಕಂತೂ ಹೇಳಿ ಮಾಡಿಸಿದಂತಿರುತ್ತದೆ.

ಉಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮವರು ತಪ್ಪುವುದು ಇಲ್ಲಿಯೇ.

ನೆರಿಗೆ ಹಿಂದೆ, ಸಪಾಟು ಭಾಗ ಮುಂದೆ. ಆ ಸಪಾಟು ಭಾಗಕ್ಕೆ ಏಪ್ರನ್ ಅನ್ನುತ್ತಾರೆ, ಒಳಗೊಂದು, ಹೊರಗೊಂದು. ಮೊದಲು ಒಳ ಏಪ್ರನ್ ಅನ್ನು ಬಲದಿಂದ ಎಡಕ್ಕೆ ತನ್ನಿ. ಎಡ ಸೊಂಟದ ಹತ್ತಿರ ಒಂದು ಸಣ್ಣ ಸೀಳು ಇರುತ್ತದೆ. ಒಳಪಟ್ಟಿಯನ್ನು ಅದರಲ್ಲಿ ತೂರಿಸಿ ಹೊರಗಿನ ಬಕಲ್‌ಗೆ ಬಿಗಿಯಿರಿ. ಆಮೇಲೆ ಹೊರ ಏಪ್ರನ್ ಅನ್ನು ಎಡದಿಂದ ಬಲಕ್ಕೆ ತಂದು ಬಲ ಸೊಂಟದಲ್ಲಿ ಬಿಗಿಯಿರಿ. ಎಳೆ ಬಿಟ್ಟ ಅಂಚು ನಿಮ್ಮ ಬಲಗಡೆ ಬಂದರೆ ಸರಿಯಾಗಿದೆ ಅಂತ. ಪಿನ್ ಹಾಕುವುದಾದರೆ ಬಲಗಡೆಯ ಕೆಳ ಮೂಲೆಯಲ್ಲಿ, ಹೊರ ಏಪ್ರನ್‌ಗೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತದೆ.

ಎತ್ತರ ಬಹಳ ಮುಖ್ಯ. ನಾನು ಮೊದಲ ದಿನ ಪ್ಯಾಂಟ್ ನಿಲ್ಲುವ ಜಾಗಕ್ಕೇ ಕಟ್ಟಿಕೊಂಡಿದ್ದೆ. ಅಂಚು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು ಹತ್ತಿರ ಬಂದು, ತಮ್ಮ ಕೈಯನ್ನು ಹೊಕ್ಕುಳಿನ ಮಟ್ಟಕ್ಕೆ ಹಿಡಿದು, "ಇಲ್ಲಿಗೆ ಬರಬೇಕಪ್ಪ" ಅಂತ ಮೆಲ್ಲಗೆ ಹೇಳಿದರು. ಆ ಮಾತಿನಲ್ಲಿ ಚೂರೂ ಅಣಕ ಇರಲಿಲ್ಲ. ನಾನು ಸರಿಯಾಗಿ ಉಡಬೇಕು ಅನ್ನುವ ಆಸೆ ಇತ್ತು. ಮನೆಗೆ ವಾಪಸ್ ಹೋಗಿ ಸರಿಮಾಡಿಕೊಂಡು ಬಂದೆ. ಅಳತೆ ನೋಡಬೇಕಾದರೆ ಮಂಡಿಯೂರಿ ನಿಲ್ಲಿ. ಅಂಚು ನೆಲದಿಂದ ಒಂದಿಂಚು ಮೇಲಿರಬೇಕು. ಪ್ಯಾಂಟಿನ ಸೊಂಟದಳತೆ ನಂಬಿ ಆನ್‌ಲೈನ್‌ನಲ್ಲಿ ತರಿಸಬೇಡಿ. ಹೊಕ್ಕುಳಿನ ಮಟ್ಟದಲ್ಲಿ ಟೇಪ್ ಹಿಡಿದು ಅಳೆಯಿರಿ.

ಮದುವೆಯ ಅಲಂಕಾರವನ್ನು ಬೀದಿಗೆ ತರಬೇಡಿ. ಸ್ಪೋರನ್ ಅನ್ನುವ, ಸೊಂಟದ ಮುಂದೆ ತೂಗುವ ತುಪ್ಪಳದ ಚೀಲ, ಕಣಕಾಲಿಗೆ ದಾರ ಸುತ್ತಿ ಕಟ್ಟುವ ಗಿಲ್ಲಿ ಶೂ, ಬೋ ಟೈ, ಇವೆಲ್ಲ ಕರಿಕೋಟಿನ ಜೊತೆಗಾರರು. ಭಾನುವಾರಕ್ಕೆ ಟೀ ಶರ್ಟ್ ಅಥವಾ ಸ್ವೆಟರ್, ಗಟ್ಟಿ ಬೂಟು, ದಪ್ಪ ಕಾಲುಚೀಲ ಸಾಕು. ಕಾಲುಚೀಲವನ್ನು ಬೂಟಿನ ಮೇಲೆ ಸುಮ್ನೆ ಮುದುರಿ ಬಿಡಿ. ಹಳೆಯ ಮಾದರಿ ಕಿಲ್ಟ್‌ಗೆ ಜೇಬಿಲ್ಲ, ಹಾಗಾಗಿ ಸಾದಾ ಚರ್ಮದ ಸ್ಪೋರನ್ ಬೇಕೇ ಬೇಕು. ಫೋನು, ಬೀಗದ ಕೈ, ಬಸ್ ಕಾರ್ಡು ಎಲ್ಲ ಅದರೊಳಗೆ. ಬೆಲ್ಟಿನ ಬಕಲ್‌ನಿಂದ ನಾಲ್ಕು ಬೆರಳಗಲ ಕೆಳಗೆ ತೂಗಬೇಕು.

ಕಾಲುಚೀಲದಲ್ಲಿ ಸಿಕ್ಕಿಸುವ ಚಿಕ್ಕ ಚಾಕು, ಸ್ಕೀಯನ್ ಡೂ, ಮನೆಯಲ್ಲೇ ಇರಲಿ. ರಾಷ್ಟ್ರೀಯ ಉಡುಪಿನ ಭಾಗವಾಗಿ ಅದನ್ನು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಟೀ ಶರ್ಟ್ ಹಾಕಿಕೊಂಡು ಪಬ್ಬಿಗೆ ಹೋಗುವಾಗ ಆ ವಾದ ಮಾಡುತ್ತಾ ನಿಲ್ಲುವುದು ಯಾಕೆ?

ಕೂರುವುದಕ್ಕೂ ಅಭ್ಯಾಸ ಬೇಕು. ನಮ್ಮ ಅಮ್ಮಂದಿರು ಸೀರೆ ನೆರಿಗೆ ಒಪ್ಪಮಾಡಿಕೊಂಡು ಕೂರುವುದನ್ನು ನೋಡಿದ್ದೀರಲ್ಲ, ಹಾಗೆ. ಎರಡೂ ಕೈ ಹಿಂದೆ ಒಯ್ದು ನೆರಿಗೆ ಸವರಿ ಕೆಳಗಿಳಿಸಿ, ಆಮೇಲೆ ಕೂರಿ. ಕಾಲು ಅಗಲಿಸಬೇಡಿ, ಸ್ಪೋರನ್ ತೊಡೆಗಳ ನಡುವೆ ಬೀಳಲಿ. ಪಂಚೆಯಂತೆ ಮೇಲೆತ್ತಿ ಕಟ್ಟುವ ಹಾಗಿಲ್ಲ! ನಾರ್ತ್ ಬ್ರಿಜ್ ದಾಟುವಾಗ ಗಾಳಿ ಜೋರು, ಒಂದು ಕೈ ನೆರಿಗೆಯ ಮೇಲಿರಲಿ. ಬೇಸಿಗೆಯಲ್ಲಿ ಹೈಲ್ಯಾಂಡ್ಸ್ ಕಡೆ ಹೊರಟರೆ ಮಿಡ್ಜ್ ಅನ್ನುವ ಸಣ್ಣ ನುಸಿಗಳಿರುತ್ತವೆ. ಮೊಣಕಾಲಿಗೆ ಔಷಧಿ ಹಚ್ಚಿಕೊಳ್ಳದೆ ಹೋಗಬೇಡಿ.

ಒಳಗೇನು ಹಾಕಿದ್ದೀಯ ಅಂತ ಕೇಳುವವರು ಸಿಗುತ್ತಾರೆ. ನಗುತ್ತಾ ಮಾತು ತೇಲಿಸಿಬಿಡಿ. ಚಡ್ಡಿ ಹಾಕಿಕೊಳ್ಳಿ, ಬಾಡಿಗೆ ಕಿಲ್ಟ್ ಆದರೆ ಖಂಡಿತ ಹಾಕಿಕೊಳ್ಳಿ. ಆದರೆ ಶನಿವಾರ ರಾತ್ರಿ ಕುಡಿದವರು ಅಂಚು ಎತ್ತಲು ಬಂದರೆ ನಗಬೇಕಾಗಿಲ್ಲ. ಗಟ್ಟಿಯಾಗಿ ಬೇಡ ಅನ್ನಿ. ಬಟ್ಟೆಯ ಕೆಳಗಿನಿಂದ ಫೋಟೋ ತೆಗೆಯುವುದು 2010ರ ಕಾನೂನಿನಿಂದ ಸ್ಕಾಟ್ಲೆಂಡಿನಲ್ಲಿ ಅಪರಾಧ. ಅದು ಗಂಡಸರಿಗೂ ಅನ್ವಯಿಸುತ್ತದೆ. ನಾಚಿಕೆಪಟ್ಟು ಸಹಿಸಿಕೊಳ್ಳಬೇಡಿ.

ಉಣ್ಣೆಯ ಕಿಲ್ಟನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಕ್ಲಿಪ್ ಇರುವ ಹ್ಯಾಂಗರ್‌ಗೆ ತೂಗಿಸಿ ಗಾಳಿಗೆ ಬಿಡಿ. ನೆರಿಗೆ ತಾನಾಗಿ ನೆಟ್ಟಗಾಗುತ್ತದೆ. ಇಸ್ತ್ರಿ ಮಾಡಬೇಕಾದರೆ ಮೊದಲು ನೆರಿಗೆಗಳನ್ನು ದಾರದಿಂದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ. ಬೀರುವಿನಲ್ಲಿ ನುಸಿಗುಳಿಗೆ ಇಡಿ, ಉಣ್ಣೆ ಅಂದರೆ ಹುಳಕ್ಕೆ ಪ್ರಾಣ.

ಮೊದಲ ಸಲಕ್ಕೆ ಭಾನುವಾರ ಬೆಳಗ್ಗೆ ಸ್ಟಾಕ್‌ಬ್ರಿಜ್‌ನಿಂದ ಡೀನ್ ವಿಲೇಜ್‌ವರೆಗೆ, ವಾಟರ್ ಆಫ್ ಲೀತ್ ಹೊಳೆಯ ಪಕ್ಕದ ದಾರಿಯಲ್ಲಿ ನಡೆಯಿರಿ. ಅದು ತಗ್ಗಿನ ಜಾಗ, ಗಾಳಿ ಕಡಿಮೆ. ವಾಪಸ್ ಬರುವಾಗ ಸ್ಟಾಕ್‌ಬ್ರಿಜ್ ಸಂತೆಯಲ್ಲಿ ಒಂದು ಕಾಫಿ ಕುಡಿಯಿರಿ. ಅಷ್ಟು ಹೊತ್ತಿಗೆ ಏನು ಉಟ್ಟಿದ್ದೀರಿ ಅನ್ನುವುದು ನಿಮಗೇ ಮರೆತಿರುತ್ತದೆ.