1827ರ ಅರ್ಧ ಡಾಲರ್, ಅಮ್ಮನ ವಿಭೂತಿ

ಹನ್ನೆರಡು ನಾಣ್ಯಗಳ ಚೀಟಿ ಮುಚ್ಚಿ, ಮೇಜಿನ ಮೇಲೆ ಸಾಲಾಗಿ ಇಟ್ಟು, ‘ಈಗ ನಿನ್ನ ಫೋನ್ ತೆಗಿ, ನೋಡೋಣ’ ಎಂದರು ಹಿರಿಯರು. ನಲವತ್ತು ವರ್ಷದಿಂದ ಬಸ್ಟ್ ಹಾಫ್, ಅಂದರೆ ಲಿಬರ್ಟಿ ದೇವಿಯ ಮುಖವಿರುವ ಹಳೆಯ ಅಮೆರಿಕನ್ ಅರ್ಧ ಡಾಲರ್, ಕೂಡಿಡುತ್ತಿರುವ ಮನುಷ್ಯ. ಡೈ ವೆರೈಟಿ, ಅಂದರೆ ನಾಣ್ಯ ಯಾವ ಅಚ್ಚಿನ (ಡೈ) ಜೋಡಿಯಿಂದ ಬಂದದ್ದು ಅಂತ, ಗುರುತಿಸೋಕೆ ಬೇಕಾದ್ದು ಕಣ್ಣು, ಲೂಪು (ಭೂತಗನ್ನಡಿ), ತಾಳ್ಮೆ. ಫೋಟೋ ಮೇಲೆ ಫೋಟೋ ಇಡೋದೆಲ್ಲ ಮಕ್ಕಳಾಟ ಅಂತ ಎರಡು ವರ್ಷದಿಂದ ನನ್ನನ್ನು ಆಡಿಕೊಂಡವರು. ಒಂದೂವರೆ ಗಂಟೆಯಲ್ಲಿ ಹನ್ನೆರಡಕ್ಕೂ ಓವರ್ಟನ್ ನಂಬರ್ (ಡೈ ಜೋಡಿಗಳ ಪಟ್ಟಿಯಲ್ಲಿನ ಸಂಖ್ಯೆ) ಬರೆದು ಕೊಟ್ಟೆ. ಹತ್ತು ಸರಿ. ಒಂದು ನನ್ನ ತಪ್ಪು. ಇನ್ನೊಂದರಲ್ಲಿ ತಪ್ಪಿದ್ದದ್ದು ಅವರ ಚೀಟಿ. ಅದನ್ನು ಒಪ್ಪಿಕೊಳ್ಳೋಕೆ ಅವರಿಗೆ ಮೂರು ದಿನ ಹಿಡಿಯಿತು. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು. ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಲ್ಲಿದ್ದಾಗ ವಿಕ್ಟೋರಿಯಾ ರೂಪಾಯಿ ಹಿಂದೆ ಬಿದ್ದಿದ್ದೆ. ಇಲ್ಲಿ 1807ರಿಂದ 1836ರವರೆಗಿನ, ಅಂಚಿನಲ್ಲಿ ಅಕ್ಷರ ಇರುವ ಅರ್ಧ ಡಾಲರಿನ ಹುಚ್ಚು ಹತ್ತಿತು. ಕಾರಣ ದುಡ್ಡೇ. ಇನ್ನೂರು ವರ್ಷದ ಬೆಳ್ಳಿ ನಾಣ್ಯ, ವಿಎಫ್ (ಸ್ವಲ್ಪ ಸವೆದ, ಆದರೆ ಚೆನ್ನಾಗಿರುವ) ಸ್ಥಿತಿಯಲ್ಲಿ, ನೂರು ಡಾಲರ್ ಚಿಲ್ಲರೆಗೆ ಸಿಗುತ್ತದೆ ಅಂದರೆ ಬಿಡೋಕಾಗುತ್ತಾ? 1804ರ ನಂತರ ಮೂರು ದಶಕ ಫಿಲಡೆಲ್ಫಿಯಾ ಟಂಕಸಾಲೆ ಚಲಾವಣೆಗೆ ಅಂತ ಬೆಳ್ಳಿ ಡಾಲರ್ ಹೊಡೆಯಲೇ ಇಲ್ಲ. ಬ್ಯಾಂಕುಗಳು ಈ ಅರ್ಧ ಡಾಲರನ್ನೇ ಚೀಲಗಟ್ಟಲೆ ಕಟ್ಟಿಟ್ಟುಕೊಂಡವು. ಕೈಯಿಂದ ಕೈಗೆ ಓಡಾಡಿದ್ದು ಕಡಿಮೆ, ಹಾಗಾಗಿ ಒಳ್ಳೆಯ ಮಾಲು ಜಾಸ್ತಿ ಉಳಿದಿದೆ.

ಆದರೆ ವೆರೈಟಿಗೆ ಇಳಿದಿರೋ, ಕಥೆ ಬೇರೆ. ಒಟ್ಟು 450ರ ಆಸುಪಾಸು ಡೈ ಜೋಡಿಗಳು. 1827 ಒಂದಕ್ಕೇ ಐವತ್ತರ ಹತ್ತಿರ. ಆ ವರ್ಷ ಹೊಡೆದದ್ದು ಸುಮಾರು 55 ಲಕ್ಷ ನಾಣ್ಯ, ಡೈಗಳು ಒಡೆದ ಹಾಗೆಲ್ಲ ಹೊಸದು. ನಾನು ಒಂದೊಂದು 1827ಕ್ಕೂ ಮೂರು ಸಂಜೆ ಕೂತು, ಹೆಂಡತಿಯ ಹತ್ತಿರ ಬೈಸಿಕೊಂಡು, ಕೊನೆಗೆ ತಪ್ಪು ನಂಬರ್ ಬರೆಯುತ್ತಿದ್ದೆ.

ನನ್ನ ಉಪಾಯ ಸರಳ. ಎರಡು ಫೋಟೋ ಒಂದರ ಮೇಲೊಂದು ಕೂರಿಸಿ, ಬೆರಳಲ್ಲಿ ತಟ್ಟಿ ತಟ್ಟಿ ಮೇಲಿನದನ್ನು ಮರೆಮಾಡಿ ತೋರಿಸೋದು. ಒಂದೇ ಡೈ ಆದರೆ ಎಲ್ಲ ಅಲ್ಲಾಡದೆ ನಿಲ್ಲುತ್ತದೆ. ಬೇರೆ ಡೈ ಆದರೆ ಲಿಬರ್ಟಿಯ ಮುಖ ನಿಂತಲ್ಲೇ ಇರುತ್ತದೆ, ಸುತ್ತಲಿನ ನಕ್ಷತ್ರಗಳು ಕುಣಿಯುತ್ತವೆ. ಎಡಗಡೆ ಏಳು, ಬಲಗಡೆ ಆರು. ಒಂದು ಅರ್ಧ ಕೂದಲೆಳೆ ಸರಿದರೂ ಕಣ್ಣಿಗೆ ಹೊಡೆಯುತ್ತದೆ. ಯಾಕೆಂದರೆ ಮುಖ ಎಲ್ಲ ಡೈಗಳಿಗೂ ಒಂದೇ ಮೂಲ ಅಚ್ಚಿನಿಂದ (ಹಬ್) ಬಂದದ್ದು, ನಕ್ಷತ್ರ, ಇಸವಿ ಎಲ್ಲ ಡೈ ಮೇಲೆ ಕೈಯಲ್ಲಿ ಪಂಚ್ ಮಾಡಿದ್ದು.

ಕೇಳೋಕೆ ಸುಲಭ. ಮೊದಲ ಒಂದು ವರ್ಷ ಪೂರ್ತಿ ಮಣ್ಣು ತಿಂದೆ. ನಾಣ್ಯದ ಅಂಚಿಗೆ ಅಂಚು ಸೇರಿಸಿ ಫೋಟೋ ಕೂರಿಸುತ್ತಿದ್ದೆ. ಒಂದೇ ಡೈಯ ಎರಡು ನಾಣ್ಯ ಇಟ್ಟರೂ ನಕ್ಷತ್ರ ಕುಣಿಯುತ್ತಿತ್ತು! ತಲೆ ಕೆಟ್ಟುಹೋಯಿತು. ಆಮೇಲೆ ಹೊಳೆಯಿತು, ಇವು ಅಂಚನ್ನು ಬಿಗಿಹಿಡಿಯುವ ಬಳೆ (ಕಾಲರ್) ಇಲ್ಲದೆ ಹೊಡೆದ ನಾಣ್ಯಗಳು. ಅಂಚಿನ ಅಕ್ಷರ ಮೊದಲೇ ಉರುಳಿಸಿ, ಆಮೇಲೆ ಬಿಗಿಯಿಲ್ಲದ ಓಪನ್ ಕಾಲರಿನಲ್ಲಿ ಏಟು. ಏಟು ಬಿದ್ದಾಗ ಬೆಳ್ಳಿ ಚಪಾತಿ ಹಿಟ್ಟಿನ ಹಾಗೆ ಒಂದೊಂದು ಸಲ ಒಂದೊಂದು ಅಳತೆಗೆ ಹರಡುತ್ತದೆ. ಅಂಚನ್ನು ನಂಬಲೇಬಾರದು. ಈಗ ನಾನು ಮುಖಕ್ಕೆ ಮುಖ ಕೂರಿಸುತ್ತೇನೆ: ಕಣ್ಣಿನ ಮೂಲೆ ಒಂದು, ಕಿವಿಯ ಕೆಳಗಿನ ಗುಂಗುರು ಒಂದು. ಆ ಎರಡು ಬಿಂದು ಸರಿಯಾದರೆ ಸಾಕು. ಆ ಪರೀಕ್ಷೆಯಲ್ಲಿ ನಾನು ತಪ್ಪಿದ್ದು ಒಂದು 1808. 1809ರಲ್ಲಿ ಮುಖ ತಿದ್ದಿದ್ದಾರೆ, ನಾನು ಅವಸರದಲ್ಲಿ ತಿದ್ದಿದ ನಂತರದ ಮುಖವನ್ನೇ ತಳಕ್ಕೆ ಇಟ್ಟಿದ್ದೆ. ನನ್ನದೇ ಪೆದ್ದುತನ.

ಎರಡನೇ ತಪ್ಪು ಫೋನಿನದು. ನಾಣ್ಯಕ್ಕೆ ಮೂಗು ತಾಗಿಸಿ ತೆಗೆದರೆ ನಡುಭಾಗ ಉಬ್ಬುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಮೇಲೆ ಸ್ಟ್ಯಾಂಡಿಗೆ ಕಟ್ಟಿ, ಜೂಮ್ ಮಾಡಿ ತೆಗೆದ ಮೇಲೆ ಸರಿಹೋಯಿತು. ಬೆಳಕಿನ ವಿಷಯಕ್ಕೆ ಬಂದರೆ, ಜಿ ಗ್ರೇಡಿನ, ಅಂದರೆ ತುಂಬ ಸವೆದ ನಾಣ್ಯದ, ಬೋಳು ನಕ್ಷತ್ರದ ಅಂಚು ಕೂಡ ಎದ್ದು ಕಾಣಲಿ ಅಂತ ಬಲ್ಬಿನ ಮುಂದೆ ಒಂದು ಅಡುಗೆಮನೆ ಸಾಮಾನು ಇಡುತ್ತೇನೆ. ಯಾವುದು ಅಂತ ಮಾತ್ರ ಕೇಳಬೇಡಿ.

ತಳದ ಫೋಟೋಗಳನ್ನು ಹಳೆಯ ಹರಾಜುಗಳ ಚಿತ್ರಗಳಿಂದ ಕೂಡಿಸಿದೆ. ಮೂರು ಚಳಿಗಾಲ ಹೋಯಿತು. ಈಗ 380 ಚಿಲ್ಲರೆ ಇದೆ. ಮುಖದ ಕಡೆ ಹೊಂದಿತು ಅಂತ ಅಲ್ಲಿಗೇ ಬಿಡೋದಿಲ್ಲ, ಒಂದೇ ಅಬ್ವರ್ಸ್ (ಮುಖದ ಡೈ) ಎರಡು ಮೂರು ರಿವರ್ಸ್ (ಹಿಂಬದಿಯ ಡೈ) ಜೊತೆ ಸಂಸಾರ ಮಾಡಿರುತ್ತದಲ್ಲ. ಹಿಂದೆ ತಿರುಗಿಸಿ, ಅಲ್ಲಿ ಬರೆದಿರುವ ‘ಸ್ಟೇಟ್ಸ್’ ಪದದ ‘ಟಿ’ ಕೆಳಗೆ ‘ಪ್ಲುರಿಬಸ್’ ಪದದ ‘ಐ’ ಎಲ್ಲಿ ಕೂತಿದೆ ಅಂತ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಗ್ರೇಡಿಂಗಿನಲ್ಲಿ ಕಳೆದುಕೊಂಡ ದುಡ್ಡಿನ ಕಥೆ ಹೇಳಲೇಬೇಕು. ಶುರುವಿನಲ್ಲಿ ಎಯು (ಹೆಚ್ಚುಕಡಿಮೆ ಹೊಸದು) ಅಂತ ನಂಬಿ ಆರು ನಾಣ್ಯ ಗ್ರೇಡಿಂಗಿಗೆ, ಅಂದರೆ ಕಂಪನಿಯಿಂದ ಸ್ಥಿತಿ ಪರೀಕ್ಷೆ ಮಾಡಿಸೋಕೆ, ಕಳಿಸಿದೆ. ಫೀಸು, ಅಂಚೆ, ಇನ್ಶೂರೆನ್ಸ್ ಸೇರಿ ನಾನೂರು ಡಾಲರ್ ಹತ್ತಿರ ಹೋಯಿತು. ನಾಲ್ಕು ‘ಡೀಟೇಲ್ಸ್, ಕ್ಲೀನ್ಡ್’ (ತೊಳೆದು ಕೆಟ್ಟದ್ದು) ಅಂತ ಹಣೆಪಟ್ಟಿ ಹೊತ್ತು ವಾಪಸ್ ಬಂದವು. ಅವರದ್ದೇನೂ ತಪ್ಪಿಲ್ಲ, ನಾನೇ ಹೊಳಪು ನೋಡಿ ಬಿದ್ದಿದ್ದೆ. ಒಂದೇ ಬಲ್ಬಿನ ಕೆಳಗೆ ನಾಣ್ಯ ವಾಲಿಸಿದರೆ ಅಸಲಿ ಕಾಂತಿ ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತಬೇಕು. ತೊಳೆದ ನಾಣ್ಯ ಸ್ಟೀಲ್ ತಟ್ಟೆಯ ಹಾಗೆ ಒಂದೇ ಸಮ ಮಿಂಚುತ್ತದೆ. ಅದೇ ಕಾಲದಲ್ಲಿ ಉಲ್ಟಾ ತಪ್ಪೂ ಮಾಡಿದೆ. ಲಿಬರ್ಟಿಯ ಭುಜದ ಕ್ಲಾಸ್ಪ್ (ಬಟ್ಟೆಯ ಕೊಂಡಿ) ಚಪ್ಪಟೆಯಾಗಿದೆ ಅಂತ ಒಂದು 1824 ಅನ್ನು ವಿಎಫ್ ಅಂದುಕೊಂಡು ನೂರಹತ್ತಕ್ಕೆ ಕೊಟ್ಟುಬಿಟ್ಟೆ. ಅದು ಸವೆತ ಅಲ್ಲ, ಏಟು ಸರಿಯಾಗಿ ಬಿದ್ದಿರಲಿಲ್ಲ, ಅಷ್ಟೇ. ಸವೆದ ಜಾಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಏಟು ಬೀಳದ ಜಾಗದಲ್ಲಿ ಚರ್ಮ ಹಾಗೇ ಹೊಳೆಯುತ್ತಿರುತ್ತದೆ. ಕೊಂಡವನು ಅದನ್ನು ಎಯು ಸ್ಲ್ಯಾಬಿನಲ್ಲಿ (ಗ್ರೇಡಿಂಗ್ ಕಂಪನಿ ಮುಚ್ಚಿ ಕೊಡುವ ಪ್ಲಾಸ್ಟಿಕ್ ಡಬ್ಬಿ) ಮೂರು ಪಟ್ಟು ಬೆಲೆಗೆ ಮಾರಿದ್ದನ್ನು ನಾನೇ ಕಣ್ಣಾರೆ ನೋಡಿದೆ.

ಇನ್ನು ಅಮ್ಮನ ಕಥೆ. ಆರು ತಿಂಗಳು ಇದ್ದು ಹೋಗೋಕೆ ಬಂದಿದ್ದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಕಳಶದ ಮುಂದೆ ನನ್ನ 1827 ಥಳಥಳ ಅಂತ ಕೂತಿದೆ. ಬೆಳಗ್ಗೆ ಮೇಜಿನ ಮೇಲೆ ಬಿಟ್ಟುಹೋಗಿದ್ದೆ. ಅಂಚಲ್ಲಿ ನೀಲಿ, ನಡುವೆ ಕಂದು, ಇನ್ನೂರು ವರ್ಷದಲ್ಲಿ ತಾನಾಗಿ ಕೂತ ಬಣ್ಣ ಅದು. ‘ಕಪ್ಪು ಬೆಳ್ಳಿಯನ್ನು ದೇವರ ಮುಂದೆ ಇಡ್ತಾರೇನೋ? ವಿಭೂತಿ ಹಾಕಿ ಉಜ್ಜಿದೆ, ನೋಡು ಹೇಗೆ ಬಂತು!’ ಮುನ್ನೂರು ಕೊಟ್ಟು ತಂದ ನಾಣ್ಯ. ಉಜ್ಜಿದ ಮೇಲೆ ನೂರಿಪ್ಪತ್ತು ಬಂದರೆ ಹೆಚ್ಚು. ಏನೂ ಹೇಳದೆ ಕಾಫಿ ಕುಡಿದೆ. ಲೂಪಿನಲ್ಲಿ ನೋಡಿದರೆ ಕೆನ್ನೆ ತುಂಬ ಗುಂಡಗೆ ಗೀರು, ಅಮ್ಮನ ಹೆಬ್ಬೆರಳು ತಿರುಗಿದ ದಾರಿ ಹಾಗೇ ಅಚ್ಚಾಗಿದೆ.

ಆದರೆ ಆ ನಾಣ್ಯ ದಂಡವಾಗಲಿಲ್ಲ. ಬಣ್ಣ ಹೋದ್ದರಿಂದ ಫೋಟೋದಲ್ಲಿ ಗೆರೆಗಳು ಖಡಕ್ ಆಗಿ ಬರುತ್ತವೆ. ಇವತ್ತಿಗೂ 1827ರ ಹೋಲಿಕೆಗೆ ಅದೇ ನನ್ನ ತಳದ ಮುಖ. ಮತ್ತೆ ಬಣ್ಣ ಬರುತ್ತಾ ಅಂತ ಸುಮ್ನೆ ಒಂದು ಪ್ರಯೋಗ ಶುರುಮಾಡಿ, ಕಿಟಕಿ ಹತ್ತಿರ ಕಂದು ಕಾಗದದ ಕವರಿನಲ್ಲಿ ಇಟ್ಟಿದ್ದೇನೆ. ಎರಡು ವರ್ಷಕ್ಕೆ ಅಂಚಿನಲ್ಲಿ ತೆಳು ಹಳದಿ. ಅಷ್ಟೇ.

ತೂಕದ ಪ್ರಯೋಗವೂ ಮಾಡಿದೆ. ಹೊಸದಾಗಿ ಟಂಕಸಾಲೆ ಬಿಡುವಾಗ 13.48 ಗ್ರಾಂ. ನನ್ನ ಹತ್ತಿರದ ವಿಎಫ್‌ಗಳು 13.2, 13.3ರ ಸುತ್ತ, ಇನ್ನೂ ಸವೆದ ವಿಜಿಗಳು 12.9ಕ್ಕೆ ಇಳಿದಿವೆ. ಹೀಗೆ ತೂಗುವಾಗಲೇ ಒಂದು 1833 ಸಿಕ್ಕಿಬಿತ್ತು: ಹನ್ನೊಂದೂವರೆ ಗ್ರಾಂ! ನೂರಹತ್ತು ಕೊಟ್ಟಿದ್ದೆ. ದಾರ ಕಟ್ಟಿ ನೀರಿನ ಲೋಟದಲ್ಲಿ ಮುಳುಗಿಸಿ ಸಾಂದ್ರತೆ ತೆಗೆದೆ. ಅಸಲಿಗೆ 10.3 ಬರಬೇಕು, ಇದಕ್ಕೆ 8.6. ಆ ಕಾಲದಲ್ಲೇ ಕಳ್ಳರು ಜರ್ಮನ್ ಸಿಲ್ವರಿನಲ್ಲಿ (ಬೆಳ್ಳಿಯಿಲ್ಲದ ಬಿಳಿ ಮಿಶ್ರಲೋಹ) ಹೊಡೆದ ಖೋಟಾ. ಅಂಚಿನ ಅಕ್ಷರ ಓದಿದ್ದರೆ ಕೊಳ್ಳುವ ದಿನವೇ ಗೊತ್ತಾಗುತ್ತಿತ್ತು, ನಾನು ಮುಖ ನೋಡಿ ದುಡ್ಡು ಕೊಟ್ಟಿದ್ದೆ. ತಮಾಷೆ ಏನೆಂದರೆ, ಅಂಥ ಹಳೆಯ ಖೋಟಾಗಳನ್ನೇ ಕೂಡಿಡುವವರು ಇದ್ದಾರೆ. ಒಬ್ಬರು ನೂರೈವತ್ತಕ್ಕೆ ಕೊಂಡುಹೋದರು. ಮೋಸ ಹೋಗಿ ಲಾಭ ಮಾಡಿದ್ದು ಅದೊಂದೇ ಸಲ.

ಅಸಲಿ ಲಾಭ ಬಂದದ್ದು ಬಾಲ್ಟಿಮೋರ್ ನಾಣ್ಯ ಮೇಳದಲ್ಲಿ. ಒಂದು ಮೇಜಿನಲ್ಲಿ ವೆರೈಟಿ ಬರೆಯದ ಬಸ್ಟ್ ಹಾಫ್‌ಗಳ ಪೆಟ್ಟಿಗೆ, ಯಾವುದು ತೆಗೆದರೂ ನೂರಮೂವತ್ತೈದು. ಕಳೆದ ಸಲ ಅದೇ ಥರದ ಪೆಟ್ಟಿಗೆಯಲ್ಲಿ ನಾನು ಲೂಪು ಹಿಡಿದು ಎರಡು ತಾಸಿಗೆ ಎಂಟು ನಾಣ್ಯ ನೋಡಿ ಬರಿಗೈಲಿ ಬಂದಿದ್ದೆ. ಈ ಸಲ ಫೋನಿಟ್ಟು ನಲವತ್ತು ನೋಡಿದೆ. ಮೂವತ್ತನೆಯದೋ ಏನೋ, ನನ್ನ ಆರ್-5 (ಅಪರೂಪದ ವೆರೈಟಿಗಳ) ಪಟ್ಟಿಯಲ್ಲಿದ್ದ ಒಂದು 1827ರ ಮೇಲೆ ಕೂರಿಸಿ ತಟ್ಟಿದೆ. ಒಂದು ನಕ್ಷತ್ರವೂ ಅಲ್ಲಾಡಲಿಲ್ಲ. ಕೈ ಬೆವರಿತು. ತಿರುಗಿಸಿದೆ, ‘ಐ’ ಕೂತ ಜಾಗವೂ ಸರಿ. ಮುಖದಲ್ಲಿ ಏನೂ ತೋರಿಸದೆ, ಚೌಕಾಸಿ ಮಾಡದಿದ್ದರೆ ಅನುಮಾನ ಬರುತ್ತದೆ ಅಂತ ಹತ್ತು ಡಾಲರ್ ಇಳಿಸಿ ಅಂತಲೂ ಕೇಳಿದೆ. ಐದು ಇಳಿಸಿದರು. ಅದೇ ಸಂಜೆ ಒಬ್ಬರು ಒಂಬೈನೂರಕ್ಕೆ ಕೇಳಿದರು, ಕೊಡಲಿಲ್ಲ. ಯಾವ ನಂಬರ್ ಅಂತ ಇಲ್ಲಿ ಬರೆಯೋದಿಲ್ಲ, ಅದರ ಇನ್ನೊಂದು ಎಲ್ಲೋ ಇದೆ ಅಂತ ನನಗೆ ಗುಮಾನಿ.

ಒಂದೇ ಒಂದು ಕೊರತೆ, ಸ್ಲ್ಯಾಬಿನೊಳಗಿನ ನಾಣ್ಯ. ಪ್ಲಾಸ್ಟಿಕ್ಕಿನ ಹೊಳಪು ಫೋಟೋ ಕೆಡಿಸುತ್ತದೆ, ಅಂಚಿನ ಅಕ್ಷರವಂತೂ ಸಾಮಾನ್ಯವಾಗಿ ಡಬ್ಬಿಯೊಳಗೆ ಮುಚ್ಚೇ ಹೋಗುತ್ತದೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಮೊನ್ನೆ ಹಿರಿಯರು ಅಂಚೆಯಲ್ಲಿ ಇನ್ನಿಪ್ಪತ್ತು ನಾಣ್ಯ ಕಳಿಸಿದ್ದಾರೆ. ಈ ಸಲವೂ ಚೀಟಿ ಇಲ್ಲ. ಪರೀಕ್ಷೆ ಅಂದುಕೊಂಡೆ, ಫೋನ್ ಮಾಡಿದರೆ, ಅವರಿಗೇ ಗೊತ್ತಾಗದೆ ವರ್ಷಗಟ್ಟಲೆ ಬದಿಗಿಟ್ಟವಂತೆ. ಎಂಟು ಮುಗಿಸಿದ್ದೇನೆ. ಒಂಬತ್ತನೆಯದು 1823. ಮೂರರ ಅಂಕಿ ಮುರಿದದ್ದೋ, ಮುರಿದ ಮೇಲೆ ತೇಪೆ ಹಾಕಿದ್ದೋ ಅಂತ ಎರಡು ರಾತ್ರಿಯಿಂದ ತಟ್ಟುತ್ತಾ ಕೂತಿದ್ದೇನೆ.