ಹಾಲು ಬತ್ತಿಸುವ ದಿನ ಕೆಚ್ಚಲಿಗೆ ನಾನು ಮಾಡುವುದು

ಕರು ಹಾಕಿದ ವಾರದಲ್ಲೇ ಕೆಚ್ಚಲು ಬಾವು ಬಂತೆಂದರೆ, ಸೋಂಕು ಬಹಳ ಸಲ ಎರಡು ತಿಂಗಳ ಹಿಂದೆಯೇ ಒಳಹೊಕ್ಕಿರುತ್ತದೆ. ಮುಂದಿನ ಕರುವಿಗೆ ಮುಂಚೆ ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸಿದ ಮೇಲೆ ಮೊಲೆಯ ತೂತಿಗೆ ಮೇಣದಂಥ ಬಿರಡೆ ಕಟ್ಟಬೇಕು. ಕೆಲವು ಮೊಲೆಗಳಲ್ಲಿ ಅದಕ್ಕೆ ವಾರಗಳೇ ಹಿಡಿಯುತ್ತವೆ.

ನಮ್ಮವು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳು. ಗಬ್ಬ ಕಟ್ಟಿದ 220ನೇ ದಿನಕ್ಕೆ ಬತ್ತಿಸುತ್ತೇನೆ, ಕರುವಿಗೆ ಸುಮಾರು 60 ದಿನ ಉಳಿಯುತ್ತದೆ. ಒಂದು ವಾರ ಮೊದಲೇ ಹಿಂಡಿ, ಬೂಸಾ ನಿಲ್ಲಿಸಿ, ಹಸಿಮೇವು ತಗ್ಗಿಸಿ, ರಾಗಿ ಹುಲ್ಲು ಹಾಕಿ, ಒಂದೇ ಹೊತ್ತು ಕರೆಯುತ್ತೇನೆ. ನೀರು ಕಡಿಮೆ ಮಾಡುವವರಿದ್ದಾರೆ, ಅದು ಹಸುವಿಗೆ ಹಿಂಸೆ ಅಷ್ಟೇ. ಹಾಲು ಇಳಿಯದೆ ಬತ್ತಿಸಿದರೆ ಕೆಚ್ಚಲು ಬಿಗಿದು ಸೋರುತ್ತದೆ, ಸೋರುವ ಮೊಲೆ ತೆರೆದ ಬಾಗಿಲು.

ಎರಡು ದಿನ ಮೊದಲು ನಾಲ್ಕೂ ಮೊಲೆಯ ಹಾಲಿಗೆ ಕೆಚ್ಚಲು ಬಾವು ಪತ್ತೆಹಚ್ಚುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಪರೀಕ್ಷೆ: ತಟ್ಟೆಯಲ್ಲಿ ಹಾಲು, ದ್ರಾವಣ ಸಮಸಮ ಹಾಕಿ ಹತ್ತು ಸೆಕೆಂಡು ತಿರುಗಿಸಿದಾಗ ಲೋಳೆಯಾದರೆ ಒಳಗೆ ಸೋಂಕಿದೆ. ಯಾವ ಔಷಧಿ ಎಂಬುದನ್ನು ಪಶುವೈದ್ಯರೇ ಬರೆಯಬೇಕು. ಕರೆಯುವ ಹಸುವಿನ ಮೊಲೆಯೊಳಕ್ಕೆ ಏರಿಸುವ ಔಷಧಿಯ ಟ್ಯೂಬು ಬೇರೆ, ಬತ್ತಿಸುವಾಗಿನದು ಬೇರೆ.

ಕೆಲಸ ಕೆಡುವುದು ಟ್ಯೂಬು ಏರಿಸುವಾಗ. ಹನಿ ಉಳಿಯದಂತೆ ಕರೆದು, ಕೈತೊಳೆದು, ಕೈಗವಸು ಹಾಕಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೊಲೆಯ ತುದಿ ಒರೆಸುತ್ತೇನೆ. ಮೊಲೆಗೊಂದು ಹತ್ತಿ, ಕೊಳೆ ಕಂಡರೆ ಇನ್ನೊಂದು. ಒರೆಸುವಾಗ ನನ್ನಿಂದ ದೂರದ ಎರಡು ಮೊದಲು, ಔಷಧಿ ಏರಿಸುವಾಗ ಹತ್ತಿರದವು ಮೊದಲು. ಹಾಗಾದರೆ ಒರೆಸಿದ ಮೊಲೆಗೆ ತೋಳು ತಾಗುವುದಿಲ್ಲ. ಟ್ಯೂಬಿನ ಮೂತಿ 3 ಮಿಲಿಮೀಟರಷ್ಟೇ ಒಳಹೋಗಲಿ; ಪೂರ್ತಿ ತಳ್ಳಿದರೆ ತೂತು ಹಿಗ್ಗಿ, ತುದಿಯ ಕೊಳೆಯೂ ಜೊತೆಗೆ ಒಳಸೇರುತ್ತದೆ. ಮೊಲೆಗೊಂದು ಪೂರ್ತಿ ಟ್ಯೂಬು, ಅರ್ಧರ್ಧ ಹಂಚುವ ಉಳಿತಾಯ ಬೇಡ. ಆಂಟಿಬಯೋಟಿಕ್ ಆದರೆ ಮೇಲಕ್ಕೆ ನೀವುತ್ತೇನೆ. ತೂತು ಮುಚ್ಚುವ ಬಿಸ್ಮತ್ ಮುಲಾಮನ್ನು ನೀವಬಾರದು: ಮೊಲೆಯ ಬುಡ ಹಿಸುಕಿ ಹಿಡಿದು ಏರಿಸಿದರೆ ಅದು ತುದಿಯಲ್ಲೇ ನಿಲ್ಲುತ್ತದೆ. ಕೊನೆಗೆ ಅಯೋಡಿನ್‌ನಲ್ಲಿ ಅದ್ದಿ, ಅರ್ಧ ಗಂಟೆ ಮಲಗಲು ಬಿಡುವುದಿಲ್ಲ. ಮುಂದೆ ಮೇವು ಹಾಕಿದರೆ ತಾನೇ ನಿಂತಿರುತ್ತದೆ.

ಮೂರ್ನಾಲ್ಕು ದಿನ ಕೆಚ್ಚಲು ಬಿಗಿದಿರುತ್ತದೆ. ಪಾಪ ಎಂದು ನಾಲ್ಕು ಸೆಳೆ ಕರೆದರೆ ಔಷಧಿ ಹೊರಗೆ, ಬಿರಡೆಯೂ ಕಟ್ಟುವುದಿಲ್ಲ, ಹಾಲೂ ಬತ್ತುವುದಿಲ್ಲ. ಒಂದೇ ಮೊಲೆ ಊದಿ, ಬಿಸಿಯಾಗಿ, ಹಸು ಮೇವು ಬಿಟ್ಟರೆ ಮಾತ್ರ ವೈದ್ಯರನ್ನು ಕರೆಸುತ್ತೇನೆ.

ಬತ್ತಿಸಿದ ಮೊದಲ ಎರಡು ವಾರ, ಕರು ಹಾಕುವ ಮುಂಚಿನ ಎರಡು ವಾರ ಅಪಾಯದ ಕಾಲ. ಆಗ ಮಲಗುವ ಜಾಗದ ಸಗಣಿ, ಗಂಜಲ ದಿನಕ್ಕೆರಡು ಸಲ ತೆಗೆದು ಒಣಹುಲ್ಲು ಹಾಸುತ್ತೇನೆ. ಹಸಿ ಮರದಪುಡಿ ಹಾಸುವುದಿಲ್ಲ, ಅದರಲ್ಲಿ ರೋಗಾಣು ಬೆಳೆಯುತ್ತವೆ.

ಹಸು ದಿನಕ್ಕೆ ಮೊದಲೇ ಕರು ಹಾಕಿದರೆ ಔಷಧಿ ಕೊಟ್ಟ ಮೇಲೆ ಹಾಲು ಬಳಸಬಾರದೆಂದು ಟ್ಯೂಬಿನ ಮೇಲೆ ಬರೆದಿರುವ ದಿನಗಳನ್ನು ಲೆಕ್ಕಹಾಕಿ, ವೈದ್ಯರನ್ನು ಕೇಳಿಯೇ ಡೈರಿಗೆ ಹಾಲು ಹಾಕುತ್ತೇನೆ.