ಮೀಟರ್‌ನಲ್ಲಿ 12 ವೋಲ್ಟ್, ಬಟನ್ ಒತ್ತಿದರೆ ಸುಮ್ನೆ

ಪುಶ್ ಬಟನ್ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಹುಬ್ಬಳ್ಳಿಯಲ್ಲಿ ಈಗ ಮೊದಲು ಕೇಳಿ ಬರುವ ಮಾತು ‘ಬಿಸಿಎಂ ಹೋಗಿದೆ’. ಬಿಸಿಎಂ ಅಂದ್ರೆ ಲೈಟು, ಲಾಕು, ಸ್ಟಾರ್ಟ್ ಬಟನ್ ನೋಡಿಕೊಳ್ಳುವ ಕಂಪ್ಯೂಟರ್ ಡಬ್ಬಿ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಬಹಳಷ್ಟು ಸಲ ಅದು ಹೋಗಿರಲಿಲ್ಲ. ಅರ್ಥಿಂಗ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ) ಹೋಗಿರುತ್ತದೆ, ಇಲ್ಲವೇ ಒಂದು ಸ್ವಿಚ್, ಇಲ್ಲವೇ ಇಲಿ ಕಡಿದ ವೈರ್. ಇದನ್ನು ಹೇಳಿ ಹೇಳಿ ಸಾಕಾಗಿದೆ. ಗೋಕುಲ ರಸ್ತೆ ಕಡೆ ನಮ್ಮ ಕಸುಬಿನವರು ನನಗೆ ‘ಬಲ್ಬ್ ಮೇಸ್ತ್ರಿ’ ಅಂತ ಹೆಸರಿಟ್ಟಿದ್ದರು. ಸ್ಕ್ಯಾನರ್ ಕಾಲದಲ್ಲಿ ಇವನು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿಕೊಂಡು ಓಡಾಡ್ತಾನೆ ಅಂತ ನಗು. ನವಲಗುಂದದ ಗಾಡಿ ಆದಮೇಲೆ ಆ ನಗು ಸ್ವಲ್ಪ ಕಡಿಮೆಯಾಗಿದೆ.

ಗಾಡಿ ಡೀಸೆಲ್, ಮ್ಯಾನುಯಲ್ ಗೇರ್, ಐದಾರು ವರ್ಷ ಹಳೆಯದು. ಕಂಪನಿ ಹೆಸರು ಬೇಡ, ಈ ತೊಂದರೆ ಯಾವ ಗಾಡಿಗೂ ಬರಬಹುದು. ಬೆಳಿಗ್ಗೆ ಊರಲ್ಲಿ ಒಂದೇ ಸಲ ಒತ್ತಿದರೆ ಸ್ಟಾರ್ಟ್. ಹುಬ್ಬಳ್ಳಿಗೆ ಬಂದು ಎಪಿಎಂಸಿಯಲ್ಲಿ ನಿಲ್ಲಿಸಿ, ಮಧ್ಯಾಹ್ನ ಕೆಲಸ ಮುಗಿಸಿ ಬಂದು ಒತ್ತಿದರೆ ಮೀಟರ್ ಬೋರ್ಡ್ ಹೊತ್ತಿಕೊಳ್ಳುತ್ತದೆ, ಕ್ರ್ಯಾಂಕ್ ಮಾತ್ರ ಇಲ್ಲ, ಅಂದ್ರೆ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವುದಿಲ್ಲ. ಸುಮಾರು ಹೊತ್ತು ಒದ್ದಾಡಿದರೆ ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತದೆ.

ಮಾಲೀಕರು ಅಷ್ಟರಲ್ಲಿ ಬೇಕಾದಷ್ಟು ದುಡ್ಡು ಸುರಿದಿದ್ದರು. ಹೊಸ ಬ್ಯಾಟರಿಗೆ ಆರು ಸಾವಿರದ ಹತ್ತಿರ. ಇನ್ನೊಂದು ಕೀ ಕೋಡಿಂಗ್ ಮಾಡಿಸಿದ್ದಕ್ಕೆ ಒಂಬತ್ತು ಸಾವಿರ. ಕ್ಲಚ್ ಸ್ವಿಚ್, ಸ್ಟಾರ್ಟರ್ ರಿಲೇ ಬೇರೆ. ಕೊನೆಗೆ ಒಂದು ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಚ್ಚಿದಾಗ ಯು0100 ಕೋಡ್ ಬಂತು. ಎಂಜಿನ್ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್ ಜೊತೆ ಮಾತುಕತೆ ನಿಂತಿದೆ ಅಂತ ಅದರ ಅರ್ಥ. ಬಿಸಿಎಂ ಬದಲಿಸಬೇಕು, ಕೋಡಿಂಗ್ ಸೇರಿ 38 ಸಾವಿರ ಅಂತ ಎಸ್ಟಿಮೇಟ್ ಕೊಟ್ಟರು. ಆ ಕೋಡ್ ಮಾತುಕತೆ ನಿಂತಿದೆ ಅಂತ ಮಾತ್ರ ಹೇಳುತ್ತದೆ, ಯಾಕೆ ನಿಂತಿದೆ ಅಂತ ಹೇಳುವುದಿಲ್ಲ, ಅಲ್ವಾ?

ನಾನು ಮೊದಲು ಕೀಯನ್ನೇ ಬಟನ್‌ಗೆ ತಾಗಿಸಿ ಒತ್ತಿದೆ. ಫರಕ್ ಬೀಳಲಿಲ್ಲ. ಅಂದ್ರೆ ಕೀ ಸೆಲ್ಲಿನ ಕತೆ ಅಲ್ಲ. ಲೈವ್ ಡೇಟಾದಲ್ಲಿ ಕ್ಲಚ್ ಸ್ವಿಚ್ ಸರಿಯಾಗಿ ಆನ್ ಆಫ್ ತೋರಿಸಿತು. ಗೇರ್ ನ್ಯೂಟ್ರಲ್‌ಗೆ ಹಾಕಿ, ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ನೇ ಪಿನ್ ನೇರ ಜೋಡಿಸಿದರೆ ಸ್ಟಾರ್ಟರ್ ಗರ್ರ್ ಅಂತ ತಿರುಗಿತು. ಬ್ಯಾಟರಿ ಬಿಚ್ಚಿ ಕ್ಯಾನ್ ವೈರ್ (ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ವೈರ್) ಎರಡರ ನಡುವೆ ಓಮ್ ನೋಡಿದೆ, 60ರ ಆಸುಪಾಸು. ಸರಿ ಇದೆ. ಬಿಸಿಎಂ ಸಪ್ಲೈ ಪಿನ್‌ನಲ್ಲಿ 12.3 ವೋಲ್ಟ್. ಅರ್ಥ್ ಪಿನ್‌ಗೆ ಮೀಟರಿನ ಬೀಪ್ ಕೂಡ ಬಂತು, ಅಂದ್ರೆ ವೈರ್ ತುಂಡಾಗಿಲ್ಲ. ಇಲ್ಲಿಗೆ ಬಂದಾಗಲೇ ಎಲ್ಲರೂ ಮಾಡ್ಯೂಲ್ ಕಡೆ ಬೆರಳು ತೋರಿಸುವುದು.

ವೋಲ್ಟ್ ಅಳೆಯುವ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. 21 ವ್ಯಾಟ್ ಬಲ್ಬ್ ಪೂರ್ತಿ ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಹಾಗಾಗಿ ಒಂದೆಳೆ ವೈರ್ ಇದ್ದರೆ ಬಲ್ಬ್ ಮಂಕಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಇದು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ.

ಆದರೆ ಈ ಗಾಡಿಯಲ್ಲಿ ಬಲ್ಬೂ ಪಾಸಾಯಿತು! ಸಪ್ಲೈಗೆ ಹಚ್ಚಿದರೂ ಝಗ್ ಅಂತ ಹೊತ್ತಿತು, ಅರ್ಥಿಗೆ ಹಚ್ಚಿದರೂ ಹಾಗೇ. ಸುತ್ತ ನಿಂತಿದ್ದ ಹುಡುಗರು ಮುಸಿಮುಸಿ ನಕ್ಕರು. ನಾನು ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ತಂದೆ. ಕಣ್ಣಿಗೆ ಅದೂ ಚೆನ್ನಾಗಿಯೇ ಉರಿಯಿತು. ಈ ಸಲ ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಬಿಸಿಎಂ ಅರ್ಥ್ ಪಿನ್ ಮೇಲೆ ಇಟ್ಟೆ. ಹೆಚ್ಚುಕಡಿಮೆ 0.9 ವೋಲ್ಟ್. ಅಲ್ಲಿ ಇಷ್ಟು ಬರಲೇಬಾರದು.

ಅಷ್ಟೊತ್ತಿಗೆ ಮಾಲೀಕರು ತಮ್ಮ ಪಾಡಿಗೆ ಅಂದರು: “ಎಸಿ ಗಾಳಿನೂ ಸಾಲವಲ್ದ್ರೀ ಮೇಸ್ತ್ರಿ. ಫಿಲ್ಟರ್ ಬದಲಿ ಮಾಡ್ಸೀನಿ, ಆದ್ರೂ ಅಷ್ಟ.”

ಬ್ಲೋವರ್, ಅಂದ್ರೆ ಎಸಿ ಗಾಳಿ ಬೀಸುವ ಫ್ಯಾನ್, ನಾಲ್ಕಕ್ಕೆ ತಿರುಗಿಸಿದೆ. 0.9 ಇದ್ದದ್ದು 2.8ಕ್ಕೆ ಏರಿತು. ಬ್ಲೋವರ್ ಆಫ್ ಮಾಡಿ ಬಟನ್ ಒತ್ತಿದರೆ ಸ್ಟಾರ್ಟ್. ಬ್ಲೋವರ್ ಹಾಕಿ ಒತ್ತಿದರೆ ಇಲ್ಲ. ನಕ್ಕ ಹುಡುಗರ ಕೈಯಿಂದಲೇ ಒತ್ತಿಸಿ ತೋರಿಸಿದೆ. ಬ್ಲೋವರಿಗೂ ಬಿಸಿಎಂಗೂ ಅರ್ಥ್ ಬೋಲ್ಟ್ ಒಂದೇ. ಬೆಳಿಗ್ಗೆ ತಂಪಿರುವಾಗ ಎಸಿ ಬೇಡ, ಗಾಡಿ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಬರುವಾಗ ನಾಲ್ಕರಲ್ಲಿದ್ದ ನಾಬ್ ಹಾಗೇ ಬಿಟ್ಟು ಇಳಿದಿರುತ್ತಾರೆ. ಮತ್ತೆ ಬಟನ್ ಒತ್ತಿದ ಕೂಡಲೇ ಬ್ಲೋವರ್ ತಿರುಗುತ್ತದೆ, ಬಿಸಿಎಂನ ಸೊನ್ನೆ, ಅಂದ್ರೆ ಅದು ವೋಲ್ಟ್ ಲೆಕ್ಕ ಹಿಡಿಯುವ ಅರ್ಥ್, ಮೂರು ವೋಲ್ಟಿನ ಹತ್ತಿರ ಮೇಲೇಳುತ್ತದೆ. ಎಂಜಿನ್ ಇಸಿಯುವಿನ ಸೊನ್ನೆ ಇದ್ದಲ್ಲೇ ಇರುತ್ತದೆ. ಇಬ್ಬರು ಬೇರೆ ಬೇರೆ ಕೋಲು ಹಿಡಿದು ಒಂದೇ ಹೊಲ ಅಳೆದಂಗೆ. ಕಳ್ಳತನ ತಡೆಯುವ ಇಮೊಬಿಲೈಸರ್ ಒಪ್ಪಿಗೆ ಸಿಗುವುದಿಲ್ಲ, ಕ್ರ್ಯಾಂಕ್ ಕೊಡುವುದಿಲ್ಲ.

ಬೋಲ್ಟ್ ಇದ್ದದ್ದು ಎಡಗಡೆ ಕಾಲಿಡುವ ಜಾಗದ ಪಕ್ಕ, ಕಾರ್ಪೆಟ್ ಕೆಳಗೆ. ಎಸಿ ನೀರು ಹೋಗುವ ಡ್ರೈನ್ ಪೈಪಿನ ಬಾಯಿಗೆ ನವಲಗುಂದದ ಎರೆಮಣ್ಣು ಮೆತ್ತಿಕೊಂಡು ಸಿಮೆಂಟಿನಂತೆ ಗಟ್ಟಿಯಾಗಿತ್ತು. ನೀರು ಹೊರಗೆ ಹೋಗದೆ ಒಳಗೇ ಇಳಿದಿತ್ತು. ಲಗ್ (ಬೋಲ್ಟಿಗೆ ಕೂರುವ ವೈರಿನ ತುದಿಯ ಬಳೆ) ಹಸಿರು ತಿರುಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಹೊಸ ಲಗ್ ಹಾಕಿ, ಬಾಡಿ ಪೇಂಟ್ ಕೆರೆದು, ಸ್ಟಾರ್ ವಾಷರ್ ಕೊಟ್ಟು ಬಿಗಿದೆ. ಪೈಪಿಗೆ ಗಾಳಿ ಹೊಡೆದೆ. ಬ್ಲೋವರ್ ಫುಲ್ ಇಟ್ಟು ನೋಡಿದರೆ 0.05ರ ಹತ್ತಿರ. ಗಾಳಿಯೂ ಜೋರಾಯಿತು. ಬೋಲ್ಟ್ ಮೇಲೆ ಏನು ಬಳಿಯುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಪೆಟ್ರೋಲಿಯಂ ಜೆಲ್ಲಿ ಅಂತೂ ಅಲ್ಲ. ಅಷ್ಟೊಂದು ಅರ್ಥ್ ಬೋಲ್ಟುಗಳಲ್ಲಿ ಕೆಟ್ಟದ್ದು ಯಾವುದು ಅಂತ ಕಾರ್ಪೆಟ್ ಎತ್ತದೆ ಕಂಡುಹಿಡಿಯುವ ಉಪಾಯವೂ ನನ್ನ ಹೊಟ್ಟೆಪಾಡು.

ಹಾಂ, ಸಿಕ್ಕಸಿಕ್ಕಲ್ಲಿ ಬಲ್ಬ್ ಹಚ್ಚಬೇಡಿ. ಕ್ಯಾನ್ ವೈರ್, ಸೆನ್ಸಾರ್ ವೈರ್, ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಹತ್ತಿರ ಅದನ್ನು ತರಲೇಬೇಡಿ. ನಿಜವಾಗಿ ಬಿಸಿಎಂ ಸುಡುವುದು ಆಗ.

‘ಕೀ ನಾಟ್ ಡಿಟೆಕ್ಟೆಡ್’ (ಕೀ ಕಾಣುತ್ತಿಲ್ಲ) ಅಂತ ಬರುವ ಗಾಡಿಗಳ ದಾರಿಯೇ ಬೇರೆ. ಅದಕ್ಕಾಗಿ ನನ್ನ ಗಾಡಿಯಲ್ಲೇ ಒಂದಿಷ್ಟು ಆಟ ಆಡಿದ್ದೇನೆ. ಕೀಯನ್ನು ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರೆ ಗಾಡಿಗೆ ಕೀ ಕಾಣುವುದಿಲ್ಲ. ಮೊಬೈಲ್ ಬೆನ್ನಿಗೆ ಅಂಟಿಸಿ ಇಟ್ಟರೆ ಒಮ್ಮೊಮ್ಮೆ ಕಾಣುತ್ತದೆ. ರಸ್ತೆ ಬದಿಯ ನೂರು ರೂಪಾಯಿ ಚಾರ್ಜರ್ ಸಾಕೆಟ್‌ನಲ್ಲಿದ್ದರೆ ಇನ್ನೂ ಕಷ್ಟ. ಬಹಳ ಗಾಡಿಗಳಲ್ಲಿ ಆಂಟೆನಾ ಕೀಯನ್ನು ಕರೆಯುವುದು 125 ಕಿಲೋಹರ್ಟ್ಸ್‌ನಲ್ಲಿ, ಆ ಚಾರ್ಜರ್ ಗದ್ದಲ ಮಾಡುವುದೂ ಅದರ ಆಸುಪಾಸಿನಲ್ಲೇ. ಹಾಗಾಗಿ ಈಗ ಕೀ ಬಿಚ್ಚುವ ಮೊದಲು ಚಾರ್ಜರ್ ಕೀಳುತ್ತೇನೆ. ಕೆಲವು ಗಿರಾಕಿಗಳು ಅಷ್ಟಕ್ಕೇ ನಮಸ್ಕಾರ ಹೇಳಿ ಹೋಗಿದ್ದಾರೆ, ದುಡ್ಡು ಕೊಡದೆ.

ನವಲಗುಂದದವರಿಗೆ 1,800 ಹೇಳಿದೆ. “ಒಂದ್ ಬೋಲ್ಟ್ ತಿಕ್ಕಿದ್ದಕ್ಕ ಇಷ್ಟ್ ಏನ್ರೀ?” ಅಂದರು. 38 ಸಾವಿರದ ಚೀಟಿ ಅವರ ಜೇಬಿನಲ್ಲೇ ಇತ್ತು. 1,500ಕ್ಕೆ ಮುಗಿಯಿತು. ಅಲ್ಲಿಂದ ಒಂದು ಮಳೆಗಾಲ ದಾಟಿದೆ, ಗಾಡಿ ಒಮ್ಮೆಯೂ ಕೈ ಕೊಟ್ಟಿಲ್ಲ. ಡ್ರೈನ್ ಪೈಪಿಗೆ ಆಗಾಗ ಗಾಳಿ ಹೊಡೆಸಿ ಅಂತ ಹೇಳಿ ಕಳಿಸಿದ್ದೆ. ಹೊಡೆಸಿಲ್ಲ ಅಂತ ಕಾಣುತ್ತೆ, ಮೊನ್ನೆ ನೋಡಿದಾಗ ಕಾರ್ಪೆಟ್ ಮತ್ತೆ ಹಸಿ ಇತ್ತು.